ಗೋಪ್ಯ ವರದಿ

ಸರಕಾರಿ ನೌಕರನ ವಿಷಯವಾಗಿ ಮೇಲಧಿಕಾರಿ ವರ್ಷಕ್ಕೊಮ್ಮೆ ಬರೆಯುತ್ತಿದ್ದ ಟಿಪ್ಪಣಿಗೆ ಹಿಂದೆ ಗೋಪ್ಯ ವರದಿ ಎಂಬ ಹೆಸರಿತ್ತು. ಈಗ ಅದನ್ನು ಕಾರ್ಯನಿರ್ವಹಣಾ ವರದಿ ಎನ್ನುತ್ತಾರೆ; ಹೆಸರು ಉದ್ದವಾಯಿತು, ಗುಟ್ಟು ಕಡಮೆಯಾಯಿತು. ಅದರಲ್ಲಿ ಎಷ್ಟೊಂದು ಕಲಮುಗಳು! ಹೊತ್ತಿಗೆ ಸರಿಯಾಗಿ ಬರುತ್ತಾನೋ ಇಲ್ಲವೋ, ಕೈಕೆಳಗಿನವರೊಡನೆ ಹೇಗಿದ್ದಾನೆ, ಪ್ರಾಮಾಣಿಕತೆ ಸಂಶಯಾತೀತವೋ ಅಲ್ಲವೋ, ಎಲ್ಲಕ್ಕೂ ಜಾಗವುಂಟು. ಆದರೆ ಬೆಳಿಗ್ಗೆ ಹತ್ತು ಗಂಟೆಗೆ ಬಂದು ಕುರ್ಚಿಯಲ್ಲಿ ಕೂತವನ ಮುಖದಲ್ಲಿ ಎಲ್ಲಕ್ಕಿಂತ ಮೊದಲು ಕಾಣುವ ಸಂಗತಿ ಬೇರೆ. ಹಿಂದಿನ ರಾತ್ರಿ ಅವನೂ ಅವನ ಹೆಂಡತಿಯೂ ಮಾತಾಡಿಕೊಂಡು ಮಲಗಿದರೋ, ಒಬ್ಬರು ಗೋಡೆಯ ಕಡೆಗೂ ಒಬ್ಬರು ಕಿಟಕಿಯ ಕಡೆಗೂ ತಿರುಗಿ ಮಲಗಿದರೋ ಎಂಬುದಕ್ಕೆ ಮಾತ್ರ ಕಲಮಿಲ್ಲ. ಇರಬೇಕೆಂದು ನಾನು ವಾದಿಸುತ್ತಿಲ್ಲ. ದೇವರು ದೊಡ್ಡವನು, ಅದೊಂದನ್ನು ನಮ್ಮ ಇಲಾಖೆಗಳು ಇನ್ನೂ ಕೇಳಿಲ್ಲ.

ಇಲಾಖೆ ಕೇಳದಿದ್ದರೇನು, ಬುದ್ಧಿ ಹೇಳುವವರು ಕೇಳುತ್ತಿದ್ದಾರೆ. ದಾಂಪತ್ಯದಲ್ಲಿ ಸಾಮರಸ್ಯವಿದ್ದವನು ಕಚೇರಿಯಲ್ಲಿ ಹೆಚ್ಚು ಕೆಲಸ ಮಾಡುತ್ತಾನೆ, ಆದ್ದರಿಂದ ದಾಂಪತ್ಯವನ್ನು ಚೆನ್ನಾಗಿಟ್ಟುಕೊಳ್ಳಿ ಎಂಬ ಉಪದೇಶ ಆರೋಗ್ಯದ ಅಂಕಣಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ. ಎತ್ತಿಗೆ ಹಿಂಡಿ ಹಾಕಿ, ನೇಗಿಲು ಚೆನ್ನಾಗಿ ಎಳೆದೀತು ಎಂಬಂಥ ಮಾತು. ಓದಿದಾಗಲೆಲ್ಲ ನನಗೆ ಸಣ್ಣಗೆ ಸಿಟ್ಟು ಬರುತ್ತದೆ. ಗಂಡಹೆಂಡಿರ ಸಖ್ಯಕ್ಕೂ ಹೊರಗಿನ ದುಡಿಮೆಗೂ ಸಂಬಂಧವಿರುವುದು ನಿಜ. ಆದರೆ ಅದು ಹಿಂಡಿಗೂ ನೇಗಿಲಿಗೂ ಇರುವ ಸಂಬಂಧವಲ್ಲ. ನನ್ನ ಮಟ್ಟಿಗಂತೂ ಲೆಕ್ಕ ಪೂರ್ತಿ ತಿರುಗಾಮುರುಗಾ ಆಗಿದೆ. ಇಪ್ಪತ್ತು ವರ್ಷದ ಮೇಷ್ಟರ ಕೆಲಸದಲ್ಲಿ ನನಗೆ ಅತ್ಯುತ್ತಮ ಎಂಬ ಷರಾ ಸಿಕ್ಕಿದ್ದು ಹೆಂಡತಿ ಜೊತೆಯಲ್ಲಿಲ್ಲದ ಮೂರು ವರ್ಷಗಳಲ್ಲಿ.

2012ರಲ್ಲಿ ನನ್ನಾಕೆಗೆ ಸರಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತು. ಸ್ಥಳ ಮೊಳಕಾಲ್ಮೂರು. ನಾನು ದಾವಣಗೆರೆಯಲ್ಲಿ. ಬಿಟ್ಟುಬಿಡು ಎನ್ನಲು ಅದೇನು ಸುಮ್ಮನೆ ಬಂದ ಕೆಲಸವಲ್ಲ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದಿ ಪರೀಕ್ಷೆ ಬರೆದು ಪಡೆದದ್ದು. ಮಗಳಿಗೆ ಆಗ ಎರಡು ವರ್ಷ. ತಾಯಿಯ ಸೆರಗು ಹಿಡಿದು ಅವಳೂ ಹೊರಟಳು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಚಳ್ಳಕೆರೆಯಲ್ಲೊಂದು ಚಿತ್ರದುರ್ಗದಲ್ಲೊಂದು ಬಸ್ಸು ಬದಲಾಯಿಸಿ, ರಾತ್ರಿ ಇಬ್ಬರೂ ಧೂಳು ಹೊತ್ತುಕೊಂಡು ಮನೆ ಸೇರುವರು. ಭಾನುವಾರವೆಲ್ಲ ಬಟ್ಟೆ ಒಗೆಯುವುದು, ಚಟ್ನಿಪುಡಿ ಕುಟ್ಟುವುದು, ನನಗೊಂದು ಡಬ್ಬಿ ಅವರಿಗೊಂದು ಡಬ್ಬಿ ತುಂಬುವುದು. ಸೋಮವಾರ ಬೆಳಕು ಹರಿಯುವ ಮುನ್ನ ಮತ್ತೆ ಬಸ್‌ಸ್ಟ್ಯಾಂಡು. ಒಂದು ಸಲ ಶನಿವಾರ ರಾತ್ರಿ ಬಾಗಿಲು ತೆರೆದಾಗ ಮಗಳು ನನ್ನನ್ನು ನೋಡಿ, ತಾಯಿಯ ಕಿವಿಯಲ್ಲಿ, ‘ಅಪ್ಪ ಊರಿಗೆ ಯಾವಾಗ ಹೋಗ್ತಾರೆ?’ ಎಂದಳು. ಮನೆ ಅವಳ ಪಾಲಿಗೆ ಮೊಳಕಾಲ್ಮೂರಿನದಾಗಿತ್ತು. ನಾನು ದಾವಣಗೆರೆಯಲ್ಲಿ ಎದುರಾಗುವ ಒಬ್ಬ ನೆಂಟ.

ಫೋನು ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ದಿನಾ ರಾತ್ರಿ ಒಂಬತ್ತೂವರೆಗೆ. ಸಿಲಿಂಡರು ಮುಗಿಯಿತು, ಹಾಲಿನವನಿಗೆ ಇನ್ನೂರು ಕೊಡುವುದಿದೆ, ಮಗುವಿಗೆ ನೆಗಡಿ, ಶಾಲೆಗೆ ಇನ್‌ಸ್ಪೆಕ್ಷನ್ನು. ಫೋನಿನಲ್ಲಿ ಸುದ್ದಿ ಹೋಗುತ್ತದೆ. ಆದರೆ ಗಂಡಹೆಂಡಿರ ನಡುವೆ ನಡೆಯುವ ವ್ಯವಹಾರದಲ್ಲಿ ಸುದ್ದಿಯ ಪಾಲು ಎಷ್ಟು? ಒಬ್ಬರು ಪುಸ್ತಕ ಓದುತ್ತಿದ್ದಾಗ ಇನ್ನೊಬ್ಬರು ಸುಮ್ಮನೆ ಪಕ್ಕದಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುವುದುಂಟಲ್ಲ, ಅದನ್ನು ಫೋನಿನಲ್ಲಿ ಮಾಡಲಾಗುವುದಿಲ್ಲ. ಸುಮ್ಮನಿದ್ದರೆ ‘ಹಲೋ, ಹಲೋ’ ಎನ್ನಬೇಕಾಗುತ್ತದೆ. ಇನ್ನು ಸಖ್ಯದ ಮಿಕ್ಕ ಪಾಲಿನ ವಿಷಯವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಈ ಪುಟ ಓದುವವರಲ್ಲಿ ಬಹುಮಂದಿ ಸಂಸಾರಸ್ಥರು.

ಆ ಸಂಜೆಗಳನ್ನೆಲ್ಲ ಏನು ಮಾಡುವುದು? ಬರೆದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಅಧ್ಯಾಪಕರ ಬಡ್ತಿಗೆ ಅಂಕ ಎಣಿಸುವ ಪದ್ಧತಿಯನ್ನು 2010ರಲ್ಲಿ ತಂದಿತ್ತು: ಲೇಖನಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು, ವಿಚಾರಸಂಕಿರಣಕ್ಕೆ ಇಷ್ಟು. ನನ್ನ ಲೇಖನಗಳು ಒಂದರ ಹಿಂದೆ ಒಂದು ಅಚ್ಚಾದವು. ಪರೀಕ್ಷೆಯ ಮೌಲ್ಯಮಾಪನಕ್ಕೆ ಎಲ್ಲಿಗೆ ಕರೆದರೂ ಹೊರಟೆ. ಎನ್ನೆಸ್ಸೆಸ್ ಶಿಬಿರಕ್ಕೆ ಯಾರೂ ಒಪ್ಪದಿದ್ದಾಗ ನಾನು ಒಪ್ಪಿದೆ. ಸಹೋದ್ಯೋಗಿಗಳು, ‘ನಿಮಗೇನು ಸಾರ್, ಬ್ರಹ್ಮಚಾರಿ ಇದ್ದಂಗೆ’ ಎಂದು ನಗುತ್ತ ತಮ್ಮ ಕೆಲಸವನ್ನೂ ನನ್ನ ಮೇಜಿನ ಮೇಲಿಟ್ಟು ಮನೆಗೆ ಹೋಗುತ್ತಿದ್ದರು. ಅಂಕಗಳ ಪಟ್ಟಿ ಹಿಡಿದು ನೋಡಿದರೆ ಅದು ನನ್ನ ಸುವರ್ಣಯುಗ.

ಪಟ್ಟಿಗೆ ಸಿಗದ ಒಂದು ವಿಷಯವಿತ್ತು. ಆ ವರ್ಷಗಳಲ್ಲಿ ಬಿ.ಎ. ತರಗತಿಗೆ ಕೆ. ಎಸ್. ನರಸಿಂಹಸ್ವಾಮಿಯವರ ಕವಿತೆಗಳನ್ನು ಪಾಠ ಮಾಡಬೇಕಿತ್ತು. ‘ಮೈಸೂರ ಮಲ್ಲಿಗೆ’ ಬಂದದ್ದು 1942ರಲ್ಲಿ. ಬರೆದವರು ಗುಮಾಸ್ತೆ ಕೆಲಸದಲ್ಲಿ ಜೀವ ತೇದವರು. ಸಂಬಳ ಸಣ್ಣದು, ಮನೆ ಸಣ್ಣದು, ಕಡತ ಮಾತ್ರ ದೊಡ್ಡದು. ಕನ್ನಡದ ದಾಂಪತ್ಯಗೀತೆಗಳು ಅಂಥ ಮನೆಯಿಂದ ಹೊರಟು ಮದುವೆಯ ಚಪ್ಪರಗಳನ್ನೆಲ್ಲ ಹೊಕ್ಕವು. ಇದನ್ನು ಹೇಳುವಾಗ ಯಾವ ಮೇಷ್ಟರ ದನಿಯಾದರೂ ಕೊಂಚ ಏರಬೇಕು. ನಾನು ಹೇಳಿದೆ, ಛಂದಸ್ಸು ಹೇಳಿದೆ, ನವೋದಯದ ಹಿನ್ನೆಲೆ ಹೇಳಿದೆ, ವಿಮರ್ಶಕರ ಅಭಿಪ್ರಾಯಗಳನ್ನು ಕ್ರಮವಾಗಿ ಬರೆಸಿದೆ. ಹುಡುಗರು ತಲೆ ತಗ್ಗಿಸಿ ಬರೆದುಕೊಂಡರು. ಯಾರೂ ನಗಲಿಲ್ಲ, ಕೊನೆಯ ಬೆಂಚಿನವರೂ ಸಹ. ಫಲಿತಾಂಶ ನೂರಕ್ಕೆ ನೂರು ಬಂತು.

ನನ್ನ ತಂದೆಯವರ ಬಾಳನ್ನು ನೆನೆದರೆ ಇದೇನೂ ಹೊಸದಲ್ಲ ಅನ್ನಿಸುತ್ತದೆ. ದಾವಣಗೆರೆ ಈಗ ಬೆಣ್ಣೆ ದೋಸೆಯ ಊರು, ಕಾಲೇಜುಗಳ ಊರು. ನಾನು ಹುಡುಗನಾಗಿದ್ದಾಗ ಅದು ಮಿಲ್ಲುಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಪಾಠಪುಸ್ತಕದಲ್ಲಿ ಓದಿಕೊಂಡು ನಾವು ಹೆಮ್ಮೆಪಡುತ್ತಿದ್ದೆವು. ಅಪ್ಪ ಒಂದು ಬಟ್ಟೆ ಮಿಲ್ಲಿನಲ್ಲಿ ನೂಲಿನ ಯಂತ್ರಗಳ ನಡುವೆ ಕೆಲಸ ಮಾಡುತ್ತಿದ್ದರು. ವಾರಕ್ಕೊಮ್ಮೆ ಪಾಳಿ ಬದಲು. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಕಟ್ಟು ಮಾಡಿತ್ತು. ಆ 48 ಗಂಟೆ ಹಗಲಿನದೋ ರಾತ್ರಿಯದೋ ಎಂಬುದು ಮಿಲ್ಲಿಗೆ ಬಿಟ್ಟದ್ದು. ರಾತ್ರಿ ಪಾಳಿಯ ವಾರದಲ್ಲಿ ಅಪ್ಪ ಹಗಲು ಮಲಗುವರು. ನಾವು ಮಕ್ಕಳು ಬಾಯಿಗೆ ಬಟ್ಟೆ ಕಟ್ಟಿಕೊಂಡವರಂತೆ ಓಡಾಡಬೇಕು. ಎರಡನೆಯ ಪಾಳಿಯ ವಾರದಲ್ಲಿ ಅವರು ಮನೆಗೆ ಬರುವ ಹೊತ್ತಿಗೆ ನಡುರಾತ್ರಿ ದಾಟಿರುತ್ತಿತ್ತು.

ಮನೆಯೆಂದರೆ ಒಂದು ಪಡಸಾಲೆ, ಅದರ ಹಿಂದೆ ಅಡುಗೆಯ ಮೂಲೆ. ಪಡಸಾಲೆಯಲ್ಲಿ ಅಜ್ಜಿ, ನಾನು, ಅಣ್ಣ. ಮಿಲ್ಲಿನ ಕೂಗು ಕೇಳಿದೊಡನೆ ಅವ್ವ ಎದ್ದು ಸದ್ದಾಗದಂತೆ ಒಲೆ ಹೊತ್ತಿಸುವಳು. ಅಪ್ಪ ತಲೆಗೂದಲಿಗೆ ಅಂಟಿದ ಹತ್ತಿಯ ಎಳೆ ಕೊಡವಿಕೊಂಡು ಒಳಗೆ ಬರುವರು. ಆಮೇಲೆ ಅಡುಗೆಯ ಮೂಲೆಯಲ್ಲಿ ರೊಟ್ಟಿ ಮುರಿಯುವ ಸದ್ದು, ಅದರ ನಡುವೆ ಪಿಸುಮಾತು. ಒಮ್ಮೊಮ್ಮೆ ಅವ್ವ ನಗುವಳು. ಹಗಲಿನಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿಲ್ಲ. ಕಂಬಳಿಯ ಒಳಗಿಂದ ನಾನು ಕಿವಿಗೊಟ್ಟರೂ ಮಾತು ತಿಳಿಯುತ್ತಿರಲಿಲ್ಲ. ಒಂದು ಗಂಟೆಯೋ ಒಂದೂವರೆಯೋ, ಅಷ್ಟೇ ಅವರಿಗೆ ಸಿಕ್ಕ ಸಂಸಾರ. ಉಳಿದದ್ದೆಲ್ಲ ಅಜ್ಜಿಯದು, ನಮ್ಮದು, ಮಿಲ್ಲಿನದು.

ತಂಗಿಯ ಬಾಣಂತನಕ್ಕೆ ಅವ್ವ ಹರಿಹರದ ತವರಿಗೆ ಹೋದಳು. ದೂರವೇನು, ಹದಿನಾಲ್ಕು ಕಿಲೋಮೀಟರು. ಹರಿಹರವೂ ಕೂಗಿಗೆ ಎದ್ದು ಕೂಗಿಗೆ ಮಲಗುವ ಊರೇ: 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ಲೇತುಗಳನ್ನು ಮಾಡುತ್ತಿತ್ತು, ಅದರ ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರವೆಂದೇ ಹೆಸರು. ಈಗ ಕಾರ್ಖಾನೆಯಿಲ್ಲ, ಹೆಸರಿದೆ. ಅಪ್ಪನಿಗೆ ವಾರದ ರಜೆಯಲ್ಲಿ ಹೋಗಿಬರಬಹುದಿತ್ತು. ಅವರು ಹೋಗಲಿಲ್ಲ, ಡಬಲ್ ಪಾಳಿ ಮಾಡಿದರು. ಹೆಂಡತಿ ತವರಿಗೆ ಹೋದ ಆಳು ಎರಡು ಆಳಿಗೆ ಸಮ ಎಂದು ಅವರ ಮೇಸ್ತ್ರಿ ತಮಾಷೆ ಮಾಡಿದ್ದನ್ನು ಅಪ್ಪ ಇಂದಿಗೂ ಹೇಳಿ ನಗುತ್ತಾರೆ. ಆ ಮೇಸ್ತ್ರಿ ಅನುಭವಸ್ಥ. ಯಾವ ಗಂಡಸು ಯಾವಾಗ ಹೆಚ್ಚು ನೂಲು ತೆಗೆದಾನು ಎಂಬುದು ಆರೋಗ್ಯದ ಅಂಕಣಕಾರರಿಗಿಂತ ಅವನಿಗೆ ಚೆನ್ನಾಗಿ ತಿಳಿದಿತ್ತು.

ಅತ್ತ ಹರಿಹರದಲ್ಲಿ ಅವ್ವ ದಿನಾ ಸಂಜೆ ಮಂಕಾಗಿ ಕೂರುತ್ತಿದ್ದಳಂತೆ. ಅಲ್ಲಿಯ ಗುಡಿಯನ್ನು ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ದಂಡನಾಯಕ ಪೋಲಾಳ್ವ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಒಳಗೆ ನಿಂತ ದೇವರು ಬಲಕ್ಕೆ ಹರ, ಎಡಕ್ಕೆ ಹರಿ. ತಾಯಿಯ ತಾಯಿ ಮಗಳನ್ನು ಗದರಿಸುತ್ತಿದ್ದರಂತೆ: ‘ಎರಡು ದೇವರು ಒಂದು ಮೈಯಾಗೆ ಸಂಸಾರ ಮಾಡ್ತಾವೆ, ನಿನಗೆ ಮೂರು ತಿಂಗಳು ತಡಕೊಳ್ಳಾಕೆ ಆಗಲ್ಲೇನು?’ ಅವ್ವ ಏನು ಉತ್ತರ ಕೊಟ್ಟಳೋ ತಿಳಿಯದು. ಮೂರು ತಿಂಗಳೆಂದದ್ದು ಎರಡಕ್ಕೇ ಮುಗಿಸಿ ಬಂದಳೆಂಬುದು ಮಾತ್ರ ಮನೆಯಲ್ಲೆಲ್ಲ ಗೊತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಮಿಲ್ಲು ಮುಚ್ಚಿತು. ಅಪ್ಪನಿಗೆ ಎಲ್ಲ ರಾತ್ರಿಗಳೂ ಒಮ್ಮೆಗೇ ಸಿಕ್ಕವು. ಮದುವೆಯಾಗಿ ಹದಿನೇಳು ವರ್ಷದ ಮೇಲೆ ಗಂಡಹೆಂಡಿರು ಬೇರೆಯವರಂತೆ ಒಂಬತ್ತಕ್ಕೆ ಊಟ ಮಾಡಿ ಮಲಗಿದರು. ಅಪ್ಪನಿಗೆ ನಿದ್ದೆ ಬಾರದು. ಅವ್ವನಿಗೆ ಕೂಗಿಲ್ಲದೆಯೂ ನಡುರಾತ್ರಿ ಎಚ್ಚರವಾಗುವುದು. ಎದ್ದು ಕೂತರೂ ಮಾತಿಲ್ಲ. ಮಾತಿನ ಜಾಗದಲ್ಲಿ ಮುಂದೇನು ಎಂಬ ಚಿಂತೆ ಬಂದು ಕೂತಿತ್ತು. ಕೆಲಸವಿದ್ದಾಗ ಹೊತ್ತಿರಲಿಲ್ಲ, ಹೊತ್ತು ಬಂದಾಗ ಕೆಲಸವಿರಲಿಲ್ಲ. ಮಂಡಿಪೇಟೆಯ ಅಂಗಡಿಯೊಂದರಲ್ಲಿ ಅಪ್ಪ ಲೆಕ್ಕ ಬರೆಯಲು ಸೇರಿದ ಮೇಲೆಯೇ ಅಡುಗೆಯ ಮೂಲೆಯ ಪಿಸುಮಾತು ಮತ್ತೆ ಕೇಳಿಸಿದ್ದು.

ನಮ್ಮ ಹಿಂದಿನವರು ಈ ವಿಷಯವಾಗಿ ಏನು ಹೇಳಿದ್ದಾರೆಂದು ನೋಡುವುದು ಕನ್ನಡ ಮೇಷ್ಟರ ಚಟ, ವಾಚಕರು ಸಹಿಸಿಕೊಳ್ಳಬೇಕು. ವಾತ್ಸ್ಯಾಯನ ಧರ್ಮ, ಅರ್ಥ, ಕಾಮಗಳನ್ನು ಒಂದಕ್ಕೊಂದು ಕೆಡುಕಾಗದಂತೆ ಆಯುಸ್ಸಿನಲ್ಲಿ ಹಂಚಿಕೊಳ್ಳಬೇಕೆನ್ನುತ್ತಾನೆ. ಮಾತೇನೋ ಸೊಗಸು. ಆದರೆ ಅವನ ನಾಗರಿಕನ ದಿನಚರಿಯನ್ನು ಓದಿ ನೋಡಿ: ಸ್ನಾನ, ಗಂಧ, ತಾಂಬೂಲ, ಊಟವಾದ ಮೇಲೆ ಗಿಳಿಗಳಿಗೆ ಮಾತು ಕಲಿಸುವುದು, ಒಂದು ನಿದ್ದೆ. ಹಾಜರಿ ಪುಸ್ತಕವಿಲ್ಲದವನಿಗೆ ಸಮತೋಲನ ಕಷ್ಟವೇ? ಕಾಳಿದಾಸನ ಯಕ್ಷ ನೌಕರಿಯಲ್ಲಿದ್ದವನು. ಅವನ ಕಥೆ ನಮಗೆ ಹತ್ತಿರ. ಬೇಂದ್ರೆಯವರು ‘ಮೇಘದೂತ’ವನ್ನು ಕನ್ನಡಕ್ಕೆ ತಂದ ಮೇಲಂತೂ ಅವನು ನಮ್ಮವನೇ ಆಗಿಬಿಟ್ಟ. ಕರ್ತವ್ಯದಲ್ಲಿ ಅಜಾಗರೂಕನಾದ ಎಂದಷ್ಟೇ ಕಾಳಿದಾಸ ಹೇಳುತ್ತಾನೆ. ಹೆಂಡತಿಯ ಮೋಹವೇ ಕಾರಣವೆಂಬುದು ವ್ಯಾಖ್ಯಾನಕಾರರ ಮಾತು. ಶಿಕ್ಷೆ ಏನು? ದಂಡವಲ್ಲ, ಬಡ್ತಿ ತಡೆದದ್ದಲ್ಲ. ಒಂದು ವರ್ಷ ದೂರದ ಊರು. ಕುಬೇರನ ಆಡಳಿತ ನಮ್ಮ ಇಲಾಖೆಗಳಿಗೆ ಮಾದರಿಯಾಗಿರಬೇಕು. ಯಕ್ಷ ತಪ್ಪು ಮಾಡಿ ರಾಮಗಿರಿಗೆ ಹೋದ. ನನ್ನಾಕೆ ಪರೀಕ್ಷೆ ಪಾಸು ಮಾಡಿ ಮೊಳಕಾಲ್ಮೂರಿಗೆ ಹೋದಳು.

ಇದಕ್ಕೆ ಎದುರು ತುದಿಯಲ್ಲಿ ವಾಚಸ್ಪತಿ ಮಿಶ್ರ ನಿಂತಿದ್ದಾನೆ. ಶಂಕರಭಾಷ್ಯಕ್ಕೆ ಟೀಕೆ ಬರೆಯುತ್ತ ಮಿಥಿಲೆಯ ಆ ಪಂಡಿತ ಮದುವೆಯಾದದ್ದನ್ನೇ ಮರೆತನಂತೆ. ಗ್ರಂಥ ಮುಗಿದ ದಿನ ದೀಪಕ್ಕೆ ಎಣ್ಣೆ ಹಾಕಲು ಬಂದ ಹೆಂಗಸನ್ನು ನೋಡಿ, ನೀನು ಯಾರು ಎಂದು ಕೇಳಿದನಂತೆ. ಕೂದಲು ಬೆಳ್ಳಗಾಗಿದ್ದ ಆಕೆ ನಿಮ್ಮ ಹೆಂಡತಿ ಎಂದಳು. ಮರುಗಿದ ಪಂಡಿತ ಗ್ರಂಥಕ್ಕೆ ಅವಳ ಹೆಸರನ್ನೇ ಇಟ್ಟ: ‘ಭಾಮತಿ’. ಇದನ್ನು ಹೇಳುವವರೆಲ್ಲ ಕಣ್ಣಂಚು ಒದ್ದೆ ಮಾಡಿಕೊಳ್ಳುತ್ತಾರೆ. ನನ್ನಾಕೆಗೆ ಹೇಳಿದಾಗ ಅವಳು, ‘ಹೆಸರು ತಗೊಂಡು ಆಕಿ ಏನು ಮಾಡ್ಯಾಳು?’ ಎಂದಳು. ನನಗಂತೂ ಅದಕ್ಕೆ ಉತ್ತರ ಹೊಳೆದಿಲ್ಲ.

ಈ ಎರಡು ಕಥೆಗಳೂ ಒಂದೇ ಮಾತನ್ನು ಹೇಳುತ್ತವೆ: ಒಲವು ಹೆಚ್ಚಾದರೆ ಕೆಲಸ ಕೆಡುತ್ತದೆ, ಕೆಲಸ ಹೆಚ್ಚಾದರೆ ಒಲವು ಸಾಯುತ್ತದೆ. ಮೂರನೆಯ ಮಾತೊಂದನ್ನು ಹೇಳುವ ಕಥೆ ನಮ್ಮ ಕನ್ನಡದ್ದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವನ ಕಾರ್ಯನಿರ್ವಹಣೆ ಸುಧಾರಿಸಿತ್ತು. ಲಕ್ಕಮ್ಮ ಅದನ್ನು ನೋಡಿ, ಇದು ನಮಗೆ ಬೇಕಾದುದಕ್ಕಿಂತ ಹೆಚ್ಚು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದಳು. ಅವನು ಸುರಿದು ಬಂದ. ಹೀಗೆ ಹೇಳಲು ಆಕೆ ಮೇಲಧಿಕಾರಿಯಲ್ಲ, ಗುರುವಲ್ಲ. ಜೊತೆಯಲ್ಲಿ ಉಣ್ಣುವವಳು, ಜೊತೆಯಲ್ಲಿ ಮಲಗಿ ಏಳುವವಳು. ಲಕ್ಕಮ್ಮನ ವಚನಗಳ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ದೇವರ ಹೆಸರಿನಲ್ಲಿ ಗಂಡನೂ ಸೇರಿದ್ದಾನೆ. ಅಷ್ಟು ಸೇರಿಕೊಂಡವಳಿಗೆ ಮಾತ್ರ ‘ಸಾಕು’ ಎನ್ನುವ ಅಧಿಕಾರವುಂಟು. ನಾನು ಬರೆದ ಮೂರು ವರ್ಷದ ಲೇಖನಗಳಿಗೆ, ಅಪ್ಪನ ಡಬಲ್ ಪಾಳಿಗೆ ಸಾಕು ಎನ್ನುವವರು ಮನೆಯಲ್ಲಿರಲಿಲ್ಲ.

ಎಲ್ಲರ ಮನೆಯಲ್ಲೂ ಸಾಕು ಎನ್ನುವ ಸ್ಥಿತಿ ಇರುವುದಿಲ್ಲ, ನಿಜ. ಅಪ್ಪನ ಡಬಲ್ ಪಾಳಿಯ ಹಣದಲ್ಲೇ ತಂಗಿಯ ತೊಟ್ಟಿಲು ಬಂತು. ನಮ್ಮೂರಿನ ಮಂಡಕ್ಕಿ ಭಟ್ಟಿಗಳಲ್ಲಿ ಗಂಡ ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಾನೆ, ಹೆಂಡತಿ ಪಕ್ಕದಲ್ಲೇ ಜರಡಿ ಹಿಡಿಯುತ್ತಾಳೆ. ಮೊಳಕಾಲ್ಮೂರಿನಲ್ಲಿ ನನ್ನಾಕೆ ಬಾಡಿಗೆಗಿದ್ದದ್ದು ರೇಷ್ಮೆ ಸೀರೆ ನೇಯುವವರ ಮನೆಯ ಒಂದು ಕೋಣೆಯಲ್ಲಿ. ರಾತ್ರಿ ಹತ್ತರವರೆಗೆ ಗಂಡ ಮಗ್ಗದ ಕುಳಿಯಲ್ಲಿ, ಹೆಂಡತಿ ರಾಟೆಯ ಮುಂದೆ. ಮಗ್ಗದ ಸದ್ದಿನ ನಡುವೆ ಅವರು ಜಗಳವಾಡುತ್ತಲೇ ಇರುತ್ತಿದ್ದರಂತೆ. ‘ನನಗೆ ಅವರ ಜಗಳ ಕೇಳಿದರೆ ಹೊಟ್ಟೆಕಿಚ್ಚಾಗೋದು’ ಎಂದು ಆಕೆ ಬಹಳ ದಿನಗಳ ಮೇಲೆ ನನಗೆ ಹೇಳಿದಳು.

ಶಿಕ್ಷಕರ ವರ್ಗಾವಣೆಗೆ ನಮ್ಮ ರಾಜ್ಯದಲ್ಲಿ 2007ರಲ್ಲಿ ಕಾಯಿದೆ ಬಂತು; 2020ರಲ್ಲಿ ಅದರ ಜಾಗಕ್ಕೆ ಇನ್ನೊಂದು. ಗಂಡಹೆಂಡಿರನ್ನು ಒಂದೆಡೆ ಸೇರಿಸಲು ಅದರಲ್ಲಿ ಅವಕಾಶವುಂಟು. ಕಡತದ ಭಾಷೆಯಲ್ಲಿ ಇದಕ್ಕೆ ಪತಿ-ಪತ್ನಿ ಪ್ರಕರಣವೆಂದು ಹೆಸರು. ಪ್ರಕರಣವೆಂದರೆ ಕೊಲೆ, ದರೋಡೆ ಎಂದು ತಿಳಿದಿದ್ದ ನಾವು ಮದುವೆಯೂ ಒಂದು ಪ್ರಕರಣವೆಂದು ಆಗ ತಿಳಿದುಕೊಂಡೆವು. ಮದುವೆಯ ಪ್ರಮಾಣಪತ್ರ, ನನ್ನ ಕಾಲೇಜಿನ ದೃಢೀಕರಣ, ಜೆರಾಕ್ಸ್‌ಗಳ ಮೇಲೆ ಜೆರಾಕ್ಸ್. ಏನೇ ಆಗಲಿ, ಸಂಸಾರಕ್ಕೂ ಕೆಲಸಕ್ಕೂ ಸಂಬಂಧವಿದೆಯೆಂದು ಒಂದು ಸರಕಾರ ಕಾಗದದ ಮೇಲೆ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಮೂರು ವರ್ಷದ ಮೇಲೆ ಆಕೆಗೆ ಹರಿಹರ ಸಿಕ್ಕಿತು. ಸಂಜೆ ಆರೂಕಾಲಕ್ಕೆ ಬಸ್ಸಿಳಿದು ಮನೆಗೆ ಬರುತ್ತಾಳೆ.

ಆ ವರ್ಷದಿಂದ ನನ್ನ ಲೇಖನಗಳು ವರ್ಷಕ್ಕೆ ಒಂದಕ್ಕಿಳಿದವು. ಎನ್ನೆಸ್ಸೆಸ್ ಬೇರೆಯವರ ಪಾಲಾಯಿತು. ತರಗತಿಯಲ್ಲಿ ನರಸಿಂಹಸ್ವಾಮಿಯವರ ಪಾಠ ಸಿಲಬಸ್ಸಿನಂತೆ ಮುಗಿಯದೆ ಮುಂದಿನ ತಿಂಗಳಿಗೂ ಹರಿಯಿತು. ಕೊನೆಯ ಬೆಂಚಿನವರು ನಕ್ಕರು, ಹುಡುಗಿಯರು ತಲೆ ತಗ್ಗಿಸಿ ನಕ್ಕರು, ಪಕ್ಕದ ತರಗತಿಯ ಅರ್ಥಶಾಸ್ತ್ರದವರು ಬಂದು ಬಾಗಿಲಲ್ಲಿ ಇಣುಕಿದರು. ಆ ಸಲದ ಫಲಿತಾಂಶ ನೂರಕ್ಕೆ ತೊಂಬತ್ತೊಂದು. ಹೋದ ವರ್ಷ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರಿಗೆ ಭಾನುವಾರಗಳಂದು ಕನ್ನಡ ಹೇಳಿಕೊಡಿ ಎಂದು ಕೆಲವರು ಬಂದರು, ಹಣ ಚೆನ್ನಾಗಿತ್ತು. ಅವರು ಹೋದ ಮೇಲೆ ನನ್ನಾಕೆ ಸೊಪ್ಪು ಬಿಡಿಸುತ್ತ, ‘ನಮಗೆ ಎಷ್ಟು ಬೇಕು, ಹೇಳ್ರಿ’ ಎಂದಳು. ನಾನು ಲೆಕ್ಕ ಹಾಕಿದೆ. ಹೋಗಲಿಲ್ಲ.

ಮೊನ್ನೆ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಯ ಕೆಲಸ. ಅಮೆರಿಕದ ಹಗಲಿಗೆ ಹೊಂದಿಸಿದ ರಾತ್ರಿ ಪಾಳಿ. ಹೆಂಡತಿ ಬ್ಯಾಂಕಿನಲ್ಲಿ, ಹಗಲು. ಮದುವೆಯಾಗಿ ಎರಡು ವರ್ಷ. ಹೇಗಿದ್ದೀಯಪ್ಪಾ ಎಂದರೆ, ‘ಈ ವರ್ಷ ನನಗೆ ಟಾಪ್ ರೇಟಿಂಗ್ ಬಂತು ಸಾರ್’ ಎಂದ. ಸಂತೋಷ ಎಂದೆ. ‘ಅವಳಿಗೂ ಅಷ್ಟೇ ಸಾರ್, ಅವಳ ಬ್ರಾಂಚಿಗೇ ಫಸ್ಟು’ ಎಂದು ಸೇರಿಸಿದ. ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸುತ್ತಾರಂತೆ. ಅವನು ಬರೆದದ್ದನ್ನು ಅವಳು ಬೆಳಿಗ್ಗೆ ಓದುತ್ತಾಳೆ, ಅವಳು ಬರೆದದ್ದನ್ನು ಅವನು ಸಂಜೆ ಓದುತ್ತಾನೆ. ನನ್ನಾಕೆ ಕಾಫಿ ತಂದವಳು ಲೋಟ ಕೊಡುವುದನ್ನು ಮರೆತು ನಿಂತಳು.

ಅವನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲಿ ಹೆಂಡತಿಗೆ ಏನಾದರೂ ಒಯ್ಯಬೇಕು ಎಂದ. ಬೆಣ್ಣೆ ದೋಸೆ ಅವಳಿಗೆ ಪ್ರಾಣವಂತೆ. ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದೆ. ಅವನು ಗಡಿಯಾರ ನೋಡಿಕೊಂಡು, ಬೇಡ ಸಾರ್ ಎಂದ. ಅವಳು ಏಳುವ ಹೊತ್ತಿಗೆ ತಾನು ಮಲಗಿರುತ್ತೇನೆ, ದೋಸೆ ಆರಿ ಚರ್ಮವಾಗಿರುತ್ತದೆ ಎಂದ. ಎದುರಿನ ಅಂಗಡಿಯಲ್ಲಿ ಎರಡು ಪೊಟ್ಟಣ ಖಾರ ಮಂಡಕ್ಕಿ ಕಟ್ಟಿಸಿಕೊಂಡ. ಅದಾದರೆ ಮೇಜಿನ ಮೇಲಿಟ್ಟರೂ ನಾಲ್ಕು ದಿನ ಕೆಡುವುದಿಲ್ಲ.